ನೆರೆಗಾಲುವೆಗೂ ಮೊದಲು ಪುರಾತತ್ವ ಪರೀಕ್ಷೆ: ನದಿ ಬಯಲಿನ ಕೆಸರಿನಲ್ಲಿ ಏನು ಹುಡುಕುತ್ತಾರೆ?

ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಪಶ್ಚಿಮ ಅಂಚಿಗೆ ಥೇಮ್ಸ್ ನದಿಯ ಬಯಲು ಹರಡಿಕೊಂಡಿದೆ. ದನ ಮೇಯುವ ಹುಲ್ಲುಗಾವಲುಗಳ ನಡುವೆ ಸೀಕೋರ್ಟ್, ಬುಲ್‌ಸ್ಟೇಕ್, ಹಿಂಕ್ಸಿ ಎಂಬ ಹೆಸರಿನ ಸಣ್ಣ ತೊರೆಗಳು ಹರಿಯುತ್ತವೆ. 2007ರ ಜುಲೈಯಲ್ಲಿ, ಆಮೇಲೆ 2013-14ರ ಚಳಿಗಾಲದಲ್ಲಿ ಈ ತೊರೆಗಳು ಉಕ್ಕಿ ಬಾಟ್ಲಿ ರಸ್ತೆ, ಆ್ಯಬಿಂಗ್ಡನ್ ರಸ್ತೆಯ ಆಸುಪಾಸಿನ ಮನೆಗಳಿಗೆ ನೀರು ನುಗ್ಗಿತು. ಇದು ಮರುಕಳಿಸದಂತೆ ಮಾಡಲು ಇಂಗ್ಲೆಂಡಿನ ಪರಿಸರ ಏಜೆನ್ಸಿ ರೂಪಿಸಿರುವುದು ಸುಮಾರು 5 ಕಿಲೋಮೀಟರ್ ಉದ್ದದ ಹೊಸ ಕಾಲುವೆ. ಬಾಟ್ಲಿ ರಸ್ತೆಯ ಉತ್ತರದಿಂದ ಹೊರಟು, ಹುಲ್ಲುಗಾವಲುಗಳನ್ನು ಸೀಳಿಕೊಂಡು, ದಕ್ಷಿಣದಲ್ಲಿ ಕೆನ್ನಿಂಗ್ಟನ್ ಬಳಿ ಅದು ಮತ್ತೆ ಥೇಮ್ಸ್ ಸೇರಬೇಕು. 2024ರಲ್ಲಿ ಯೋಜನೆಗೆ ಅನುಮತಿ ಸಿಕ್ಕಿತು.

ಇಂಥ ಕಾಲುವೆಯೆಂದರೆ ಎಂಜಿನಿಯರುಗಳ ಕೆಲಸ ಎಂದು ನಾವು ಭಾವಿಸುತ್ತೇವೆ. ಆದರೆ ನಕ್ಷೆ ಅಂತಿಮವಾಗುವ ಎಷ್ಟೋ ವರ್ಷ ಮೊದಲೇ ಪುರಾತತ್ವಜ್ಞರು ಬಯಲಿಗೆ ಇಳಿದಿರುತ್ತಾರೆ. ಮೇಲೆ ಹುಲ್ಲು, ಕೆಳಗೆ ಕೆಸರು. ಕೋಟೆಯಿಲ್ಲ, ಗುಡಿಯಿಲ್ಲ, ಒಂದು ಮುರಿದ ಕಂಬವೂ ಕಾಣುವುದಿಲ್ಲ. ಹಾಗಾದರೆ ಅವರಿಗೆ ಅಲ್ಲೇನು ಕೆಲಸ?

ಪ್ರಶ್ನೆ ನಮಗೂ ದೂರದ್ದಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೀರು ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೇ ನುಗ್ಗಿತ್ತು. ಹಾಗೆ ಆದಾಗಲೆಲ್ಲ ತಡೆಗೋಡೆಯ ಮಾತು, ಹೂಳೆತ್ತುವ ಮಾತು ಎದ್ದೇ ಏಳುತ್ತದೆ. ಗೋಡೆಗೆ ಪಾಯ ತೆಗೆಯುವ ಮಣ್ಣಿನಲ್ಲಿ ಏನಿರಬಹುದು ಎಂಬ ಮಾತು ಮಾತ್ರ ಅಪರೂಪ.

ಮೌಲ್ಯಮಾಪನ ಬೇರೆ, ಉತ್ಖನನ ಬೇರೆ

ಪುರಾತತ್ವ ಎಂದ ಕೂಡಲೇ ಕಣ್ಣಮುಂದೆ ಬರುವುದು ಗುದ್ದಲಿ, ಬ್ರಷ್ಷು, ನೆಲದಿಂದ ಮೇಲೇಳುವ ವಿಗ್ರಹ. ಅದು ಉತ್ಖನನ. ಮೌಲ್ಯಮಾಪನ ಅದಕ್ಕಿಂತ ಹಿಂದಿನ ಹಂತ. ಅಲ್ಲಿ ಆದಷ್ಟು ಕಡಿಮೆ ಅಗೆಯುವುದೇ ಜಾಣತನ. ಕಾಮಗಾರಿ ನಡೆಯುವ ಜಾಗದಲ್ಲಿ ಹಳೆಯ ಕಾಲದ ಕುರುಹುಗಳು ಇರುವ ಸಂಭವ ಎಷ್ಟು, ಇದ್ದರೆ ಅವು ಎಷ್ಟು ಮಹತ್ವದವು, ಈ ಕೆಲಸದಿಂದ ಅವುಗಳಿಗೆ ಯಾವ ಬಗೆಯ ಪೆಟ್ಟು ಬೀಳುತ್ತದೆ ಎಂಬುದನ್ನು ಅನುಮತಿ ಕೊಡುವ ಅಧಿಕಾರಿಯ ಮೇಜಿನ ಮೇಲೆ ಇಡುವುದಷ್ಟೇ ಅದರ ಗುರಿ.

'ಅನುಮತಿಗೆ ಮೊದಲು' ಎನ್ನುವುದರಲ್ಲೇ ಇದರ ಜೀವ ಇದೆ. ಕಾಗದದ ಮೇಲಿರುವ ಕಾಲುವೆಯನ್ನು ಮೂವತ್ತು ಮೀಟರ್ ಆಚೆ ಸರಿಸುವುದಕ್ಕೆ ಪೆನ್ಸಿಲ್ ಸಾಕು. ಗುತ್ತಿಗೆದಾರನ ಯಂತ್ರಗಳು ಬಂದು ನಿಂತ ಮೇಲೆ ಅದೇ ಮೂವತ್ತು ಮೀಟರ್‌ಗೆ ಕೋರ್ಟು, ಪರಿಹಾರ, ವಿಳಂಬ ಎಲ್ಲವೂ ಬೇಕು.

ಬಯಲಿನಲ್ಲಿ ಕಣ್ಣಿಗೆ ಏಕೆ ಏನೂ ಕಾಣುವುದಿಲ್ಲ

ಗುಡ್ಡದ ಮೇಲಿನ ಹಳೆಯ ಊರಿನ ಮೇಲೆ ನೇಗಿಲು ಹಾಯುತ್ತದೆ. ಮಡಕೆ ಚೂರುಗಳು ಮೇಲೆದ್ದು ಬರುತ್ತವೆ. ನೋಡುವ ಕಣ್ಣಿದ್ದವರಿಗೆ ಹೊಲದಲ್ಲಿ ನಡೆದಾಡಿದರೆ ಸಾಕು. ನದಿ ಬಯಲಿನಲ್ಲಿ ಹಾಗಲ್ಲ. ಪ್ರತಿ ನೆರೆಯೂ ಮೇಲ್ಗಡೆಯಿಂದ ಸಣ್ಣ ಮಣ್ಣನ್ನು ಹೊತ್ತು ತಂದು, ನೀರು ನಿಂತಲ್ಲಿ ಹಾಸಿ ಹೋಗುತ್ತದೆ. ಇದೇ ಮೆಕ್ಕಲು. ಒಂದು ನೆರೆಯ ಮೆಕ್ಕಲು ಉಗುರಿನಷ್ಟು ದಪ್ಪ ಇದ್ದೀತು, ಇಲ್ಲದೆಯೂ ಹೋದೀತು. ಎರಡು ಸಾವಿರ ವರ್ಷಗಳಲ್ಲಿ ಅದು ಮನುಷ್ಯನ ಎದೆಯೆತ್ತರಕ್ಕೂ ಬೆಳೆಯಬಲ್ಲದು. ಹಳೆಯ ಗುಡಿಸಲಿನ ನೆಲ, ದೊಡ್ಡಿಯ ಸುತ್ತಿನ ಚರಂಡಿ, ಕಾಲುದಾರಿ ಎಲ್ಲವೂ ಅದರಡಿ ಸೇರುತ್ತವೆ.

ಇನ್ನೊಂದು ತೊಡಕೆಂದರೆ ನದಿ ಒಂದೇ ಕಡೆ ಹರಿಯುವುದಿಲ್ಲ. ತಿರುವು ಬದಲಿಸುತ್ತದೆ, ಒಂದು ಕವಲನ್ನು ಕೈಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ಕೈಬಿಟ್ಟ ಪಾತ್ರ ನಿಧಾನವಾಗಿ ಜೊಂಡು, ಎಲೆ, ಕೆಸರು ತುಂಬಿಕೊಂಡು ಮುಚ್ಚಿಹೋಗುತ್ತದೆ. ಮೇಲಿನಿಂದ ನೋಡಿದರೆ ಸಪಾಟು ಹುಲ್ಲು. ಕೆಳಗೆ ಮೂರು ಸಾವಿರ ವರ್ಷ ಹಿಂದಿನ ಹೊಳೆ. ಎರಡು ಹಳೆಯ ಪಾತ್ರಗಳ ನಡುವೆ ಗರಸಿನ ದಿಬ್ಬಗಳಿರುತ್ತವೆ. ಆಗಿನ ಜನ ಕಾಲು ಒದ್ದೆಯಾಗದ ಜಾಗ ಹುಡುಕಿ ಬೀಡುಬಿಟ್ಟದ್ದು ಬಹುಮಟ್ಟಿಗೆ ಇಂಥ ದಿಬ್ಬಗಳ ಮೇಲೆ. ಆದ್ದರಿಂದ ಬಯಲಿನ ಪುರಾತತ್ವಜ್ಞ ಮೊದಲು ಹುಡುಕುವುದು ವಸ್ತುಗಳನ್ನಲ್ಲ, ಹೂತುಹೋದ ಭೂಗೋಳವನ್ನು: ಆಗ ಹೊಳೆ ಎಲ್ಲಿತ್ತು, ಒಣನೆಲ ಎಲ್ಲಿತ್ತು.

ಮುಚ್ಚಿಡುವ ಕೆಸರೇ ಕಾಪಾಡುವುದೂ ಹೌದು. ಸದಾ ನೀರು ನಿಂತ ಮಣ್ಣಿನೊಳಗೆ ಗಾಳಿ ಆಡುವುದಿಲ್ಲ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಸಿಗುವುದಿಲ್ಲ. ಒಣನೆಲದಲ್ಲಿ ಕಲ್ಲು, ಮೂಳೆ, ಮಡಕೆ ಮಾತ್ರ ಉಳಿಯುವ ಕಡೆ ಇಲ್ಲಿ ಮರದ ಕಂಬ, ಬುಟ್ಟಿ, ಚರ್ಮ, ಹಗ್ಗ, ಬೀಜ, ಜೀರುಂಡೆಯ ರೆಕ್ಕೆ ಕೂಡ ಉಳಿದಿರುತ್ತವೆ.

ಮೊದಲು ಕಡತ

ಜಮೀನು ಕೊಳ್ಳುವವರು ನೆಲಕ್ಕೆ ಕಾಲಿಡುವ ಮೊದಲು ತಾಲೂಕು ಕಚೇರಿಗೆ ಹೋಗಿ ಪಹಣಿ, ಹಳೆಯ ಸರ್ವೆ ನಕ್ಷೆ, ಋಣಭಾರ ಪತ್ರ ತೆಗೆಸಿ ನೋಡುವುದಿಲ್ಲವೇ? ಪುರಾತತ್ವ ಮೌಲ್ಯಮಾಪನವೂ ಹಾಗೆಯೇ ಶುರುವಾಗುತ್ತದೆ. ಇಂಗ್ಲೆಂಡಿನಲ್ಲಿ ಪ್ರತಿ ಸೀಮೆಗೂ ಐತಿಹಾಸಿಕ ನೆಲೆಗಳ ದಾಖಲೆ ಪುಸ್ತಕವಿದೆ. ಯಾರ ಹೊಲದಲ್ಲಿ ಯಾವ ವರ್ಷ ಏನು ಸಿಕ್ಕಿತು, ಎಲ್ಲಿ ಅಗೆದಾಗ ಏನೂ ಸಿಗಲಿಲ್ಲ ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. 'ಏನೂ ಸಿಗಲಿಲ್ಲ' ಎಂಬುದನ್ನೂ ಬರೆದಿಡುತ್ತಾರೆ ಎನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ.

ಆಕ್ಸ್‌ಫರ್ಡ್ ಬಯಲಿನ ಕಡತವಂತೂ ದಪ್ಪವಾಗಿಯೇ ಇದೆ. ಸೀಕೋರ್ಟ್ ತೊರೆಯ ಮಗ್ಗುಲಲ್ಲಿ ಅದೇ ಹೆಸರಿನ ಮಧ್ಯಯುಗದ ಹಳ್ಳಿಯೊಂದಿತ್ತು. 15ನೆಯ ಶತಮಾನದ ಹೊತ್ತಿಗೆ ಅದು ಪಾಳುಬಿದ್ದಿತ್ತು. 1930ರ ದಶಕದ ಕೊನೆಯಲ್ಲಿ ಒಮ್ಮೆ, 1950ರ ದಶಕದ ಕೊನೆಯಲ್ಲಿ ಬೈಪಾಸ್ ರಸ್ತೆ ಬರುವ ಮುನ್ನ ಇನ್ನೊಮ್ಮೆ ಅಲ್ಲಿ ಉತ್ಖನನ ನಡೆಯಿತು. ನಗರದ ದಕ್ಷಿಣಕ್ಕೆ, 11ನೆಯ ಶತಮಾನದಲ್ಲಿ ನಾರ್ಮನ್ ಸಾಮಂತ ರಾಬರ್ಟ್ ಡಾಯ್ಲಿ ಕಟ್ಟಿಸಿದ ಗ್ರಾಂಡ್‌ಪಾಂಟ್ ಎಂಬ ಕಲ್ಲಿನ ಏರುದಾರಿ ಬಯಲನ್ನು ಹಾಯುತ್ತದೆ. ಅದರ ಕಮಾನುಗಳು ಇಂದಿನ ರಸ್ತೆಯ ಅಡಿಯಲ್ಲಿ ಹುದುಗಿವೆ. ಮೇಲೆ ಬಸ್ಸುಗಳು ಓಡಾಡುತ್ತವೆ. ಉತ್ತರಕ್ಕಿರುವ ಪೋರ್ಟ್ ಮೆಡೋ ಎಂಬ ಗೋಮಾಳದಲ್ಲಿ ಕಂಚುಯುಗದ ಸಮಾಧಿ ದಿಬ್ಬಗಳ ಸುತ್ತಿನ ಕಂದಕಗಳೂ ಕಬ್ಬಿಣಯುಗದ ಬಿಡಾರಗಳ ಗುರುತುಗಳೂ ಇವೆ. ಬರಗಾಲದ ವರ್ಷ ಹುಲ್ಲು ಒಣಗಿದಾಗ ಆಳವಾದ ಮಣ್ಣಿರುವ ಹಳೆಯ ಕಂದಕಗಳ ಮೇಲಿನ ಹುಲ್ಲು ಮಾತ್ರ ಹಸಿರಾಗಿ ಉಳಿಯುತ್ತದೆ. ವಿಮಾನದಿಂದ ತೆಗೆದ ಚಿತ್ರದಲ್ಲಿ ಅದು ಬಳೆಯಂತೆ ಕಾಣುತ್ತದೆ.

ಹಳೆಯ ನಕ್ಷೆ, ಚರ್ಚಿನ ಜಮೀನು ಲೆಕ್ಕ, ವೈಮಾನಿಕ ಚಿತ್ರ, ಹಿಂದಿನ ಉತ್ಖನನಗಳ ವರದಿ ಎಲ್ಲವನ್ನೂ ಒಂದೇ ನಕ್ಷೆಯ ಮೇಲೆ ತಂದ ಮೇಲೆ, ಅದರ ಮೇಲೆ ಕಾಲುವೆಯ ಗೆರೆ ಎಳೆಯುತ್ತಾರೆ. ಎಲ್ಲೆಲ್ಲಿ ತಾಗುತ್ತದೆ ಎಂದು ಆಗ ಮೊದಲ ಬಾರಿಗೆ ಗೊತ್ತಾಗುತ್ತದೆ.

ಲೇಸರ್, ಕಾಂತಮಾಪಕ, ಬೈರಿಗೆ

ಕಡತ ಮುಗಿದ ಮೇಲೆ ನೆಲಕ್ಕೆ ನೋವಾಗದ ಪರೀಕ್ಷೆಗಳು. ವಿಮಾನದಿಂದ ಲೇಸರ್ ಕಿರಣ ಬಿಟ್ಟು, ಅದು ನೆಲಕ್ಕೆ ತಾಗಿ ಮರಳುವ ಸಮಯದಿಂದ ನೆಲದ ಎತ್ತರವನ್ನು ಅಳೆಯುವ ವಿಧಾನಕ್ಕೆ ಲೈಡಾರ್ ಎನ್ನುತ್ತಾರೆ. ಕಾಲಿಗೆ ಗೊತ್ತಾಗದಷ್ಟು ಸಣ್ಣ ಏರುತಗ್ಗು ಕೂಡ ಅದರಲ್ಲಿ ಕಾಣುತ್ತದೆ: ಮುಚ್ಚಿಹೋದ ನದಿಯ ತಿರುವು, ಹಳೆಯ ಉಳುಮೆಯ ಸಾಲು. ಒಂದು ಸ್ವಾರಸ್ಯ ಇಲ್ಲಿದೆ. ಇಂಗ್ಲೆಂಡಿನ ಬಹುಪಾಲು ಲೈಡಾರ್ ನಕ್ಷೆಗಳನ್ನು ಮಾಡಿಸಿದ್ದು ಇದೇ ಪರಿಸರ ಏಜೆನ್ಸಿ, ಅದೂ ನೆರೆ ಎಲ್ಲಿಗೆ ಬರುತ್ತದೆ ಎಂದು ಲೆಕ್ಕ ಹಾಕುವುದಕ್ಕಾಗಿ. 2015ರಲ್ಲಿ ಅದನ್ನು ಸಾರ್ವಜನಿಕರಿಗೆ ಉಚಿತವಾಗಿ ತೆರೆದಿಟ್ಟಾಗ ಹವ್ಯಾಸಿಗಳು ಅದರಲ್ಲಿ ರೋಮನ್ ರಸ್ತೆಗಳನ್ನು ಪತ್ತೆಹಚ್ಚಲು ಕುಳಿತರು.

ಎರಡನೆಯದು ಕಾಂತಮಾಪಕ. ಒಲೆ ಉರಿದ ಜಾಗ, ಕಸ ತುಂಬಿದ ಗುಂಡಿ, ಇಟ್ಟಿಗೆ ಸುಟ್ಟ ಗೂಡು ಇವುಗಳ ಮಣ್ಣಿನ ಕಾಂತಗುಣ ಸುತ್ತಲಿನ ಮಣ್ಣಿಗಿಂತ ಕೊಂಚ ಬೇರೆ ಇರುತ್ತದೆ. ಉಪಕರಣ ಹಿಡಿದು ಸಾಲುಸಾಲಾಗಿ ನಡೆದರೆ ಆ ವ್ಯತ್ಯಾಸ ನಕ್ಷೆಯಾಗಿ ಮೂಡುತ್ತದೆ. ಒಣನೆಲದಲ್ಲಿ ಇದಕ್ಕೆ ಸರಿಸಾಟಿ ಇಲ್ಲ. ದಪ್ಪ ಮೆಕ್ಕಲಿನ ಅಡಿಯಲ್ಲಿ ಮಾತ್ರ ಅದರ ಕಣ್ಣು ಮಂಜಾಗುತ್ತದೆ. 'ಕಾಂತಮಾಪಕದಲ್ಲಿ ಏನೂ ಕಾಣಲಿಲ್ಲ' ಎಂಬ ವಾಕ್ಯವನ್ನು 'ಅಲ್ಲಿ ಏನೂ ಇಲ್ಲ' ಎಂದು ಓದಿಕೊಳ್ಳುವುದು ನದಿ ಬಯಲಿನಲ್ಲಿ ದೊಡ್ಡ ತಪ್ಪು.

ಆದ್ದರಿಂದಲೇ ಇಲ್ಲಿ ಬೈರಿಗೆಗೆ ಮಹತ್ವ. ಕೈಯಿಂದಲೋ ಯಂತ್ರದಿಂದಲೋ ಟೊಳ್ಳು ಕೊಳವೆಯನ್ನು ನೆಲಕ್ಕೆ ಇಳಿಸಿ, ಒಳಗೆ ಸಿಕ್ಕಿಕೊಂಡ ಮಣ್ಣಿನ ಕಂಬವನ್ನು ಹಾಗೆಯೇ ಮೇಲೆತ್ತುತ್ತಾರೆ. ಹೊರತೆಗೆದು ಉದ್ದಕ್ಕೆ ಸೀಳಿ ಹಲಗೆಯ ಮೇಲೆ ಮಲಗಿಸಿದರೆ ಬಯಲಿನ ಚರಿತ್ರೆ ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ. ತುದಿಯಲ್ಲಿ ಹುಲ್ಲಿನ ಬೇರು ಹೆಣೆದ ಕಂದು ಮಣ್ಣು. ಅದರ ಕೆಳಗೆ ಬೆರಳಿಗೆ ಅಂಟುವ ಬೂದುನೀಲಿ ಜೇಡಿ, ಅಲ್ಲಲ್ಲಿ ತುಕ್ಕಿನ ಬಣ್ಣದ ಚುಕ್ಕೆ: ನೀರಿನ ಮಟ್ಟ ಅಲ್ಲಿಯವರೆಗೆ ಏರಿ ಇಳಿದಿತ್ತೆಂಬ ಗುರುತು. ಇನ್ನೂ ಕೆಳಗೆ ಕಪ್ಪು, ಹಗುರ, ನಾರುನಾರಾದ ಪದರ. ಮುಚ್ಚಿಹೋದ ಹೊಳೆಯಲ್ಲಿ ಕೊಳೆಯದೆ ಉಳಿದ ಜೊಂಡು ಮತ್ತು ಎಲೆ. ಮುರಿದು ಮೂಗಿಗೆ ಹಿಡಿದರೆ ಕೆಟ್ಟ ಮೊಟ್ಟೆಯ ವಾಸನೆ. ಕಟ್ಟಕಡೆಗೆ ಹಳದಿ ಗರಸು. ಅದು ಹಿಮಯುಗದ ಹೊಳೆ ಹರಡಿದ್ದು, ಮನುಷ್ಯನ ಕುರುಹು ಸಾಮಾನ್ಯವಾಗಿ ಅದರ ಮೇಲ್ಮೈಗೆ ನಿಲ್ಲುತ್ತದೆ. ಇಂಥ ಹತ್ತಾರು ಕೊಳವೆಗಳನ್ನು ಬಯಲಿನ ಅಡ್ಡಕ್ಕೆ ಸಾಲಾಗಿ ಇಳಿಸಿ ಜೋಡಿಸಿದರೆ ಯಾವ ದಿಬ್ಬ ಎಲ್ಲಿ ಹುದುಗಿದೆ, ಯಾವ ಪಾತ್ರ ಎಷ್ಟು ಆಳಕ್ಕಿದೆ ಎಂಬ ನಕ್ಷೆ ಸಿದ್ಧವಾಗುತ್ತದೆ.

ಕಪ್ಪು ಪದರದ ಒಂದು ಚಿಟಿಕೆಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಅದರಲ್ಲಿರುವ ಪರಾಗದ ಕಣಗಳಿಂದ ಸುತ್ತ ಕಾಡಿತ್ತೋ, ಗೋಧಿ ಹೊಲವಿತ್ತೋ ತಿಳಿಯುತ್ತದೆ. ಎಲೆ, ಕಡ್ಡಿಗಳ ವಯಸ್ಸನ್ನು ರೇಡಿಯೊ ಇಂಗಾಲದಿಂದ ಅಳೆಯಬಹುದು. ಸಸ್ಯದ ಚೂರೇ ಇಲ್ಲದ ಮರಳಾದರೆ, ಅದರ ಕಣಗಳು ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ಅಳೆಯುವ ವಿಧಾನವೂ ಇದೆ. ಆ ಮಾದರಿಯನ್ನು ಬೆಳಕು ತಾಗದಂತೆ ಮುಚ್ಚಿದ ಕೊಳವೆಯಲ್ಲೇ ತೆಗೆಯಬೇಕು.

ಪರೀಕ್ಷಾ ಕಂದಕ

ಇಷ್ಟೆಲ್ಲ ಆದ ಮೇಲೆಯೇ ನೆಲ ಅಗೆಯುವುದು, ಅದೂ ಮಾದರಿಗೆ ಮಾತ್ರ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಕಾಮಗಾರಿಯ ಜಾಗದ ನೂರಕ್ಕೆ ಎರಡರಿಂದ ಐದು ಭಾಗವನ್ನು, ಸುಮಾರು 30 ಮೀಟರ್ ಉದ್ದ, 2 ಮೀಟರ್ ಅಗಲದ ಕಂದಕಗಳಾಗಿ ತೆರೆಯುತ್ತಾರೆ. ಅಗೆಯುವುದು ಜೆಸಿಬಿಯೇ. ಆದರೆ ಅದರ ಬಕೆಟ್ಟಿಗೆ ಹಲ್ಲಿರುವುದಿಲ್ಲ. ಹಲ್ಲಿದ್ದರೆ ನೆಲ ಗೀರಿ ಹೋಗುತ್ತದೆ. ನೇರ ಅಂಚಿನ ಬಕೆಟ್ ಮಣ್ಣನ್ನು ತೆಳುವಾಗಿ ಹೆರೆಯುತ್ತದೆ. ಪಕ್ಕದಲ್ಲಿ ಪುರಾತತ್ವಜ್ಞರೊಬ್ಬರು ನಿಂತು ಮಣ್ಣಿನ ಬಣ್ಣವನ್ನೇ ದಿಟ್ಟಿಸುತ್ತಿರುತ್ತಾರೆ. ಬಣ್ಣ ಬದಲಾದ ಕೂಡಲೇ ಕೈ ಎತ್ತುತ್ತಾರೆ, ಯಂತ್ರ ನಿಲ್ಲುತ್ತದೆ, ಕರಣೆ ಹಿಡಿದವರು ಇಳಿಯುತ್ತಾರೆ.

ಅವರಿಗೆ ಸಿಗುವುದು ಬಹುತೇಕ ನಿರಾಶೆ ತರುವಂಥದ್ದು: ಹಳದಿ ಗರಸಿನ ಮೇಲೆ ತಟ್ಟೆಯಗಲದ ಕಪ್ಪು ವೃತ್ತ. ನೆಟ್ಟ ಕಂಬ ಕೊಳೆತುಹೋಗಿ, ಕುಳಿಯಲ್ಲಿ ಬೇರೆ ಮಣ್ಣು ತುಂಬಿಕೊಂಡ ಗುರುತು ಅದು. ಅಂಥವು ಹತ್ತು ಸೇರಿ ವೃತ್ತವಾದರೆ ಒಂದು ಗುಡಿಸಲು. ಕುಳಿಯ ಅರ್ಧವನ್ನು ಮಾತ್ರ ತೆಗೆದು, ಉಳಿದರ್ಧದ ಸೀಳುನೋಟವನ್ನು ಚಿತ್ರಿಸಿ, ಫೋಟೊ ಹಿಡಿದು, ಮಣ್ಣನ್ನು ಚೀಲಕ್ಕೆ ತುಂಬಿ ಜರಡಿಗೆ ಕಳಿಸುತ್ತಾರೆ. ನದಿ ಬಯಲಿನಲ್ಲಿ ಇದೆಲ್ಲವನ್ನೂ ಪಂಪು ಓಡಿಸುತ್ತಲೇ ಮಾಡಬೇಕು. ಗರಸು ತಲುಪುವ ಹೊತ್ತಿಗೆ ಕಂದಕದಲ್ಲಿ ಮೊಣಕಾಲುದ್ದ ನೀರು ಒಸರಿರುತ್ತದೆ. ಅದಕ್ಕೇ ಈ ಕೆಲಸಕ್ಕೆ ಬೇಸಿಗೆಯನ್ನು ಕಾಯುತ್ತಾರೆ.

ಕೆಸರೇ ದಾಖಲೆ

ಇಷ್ಟೊಂದು ಪಾಡು ಒಂದಷ್ಟು ಮಡಕೆ ಚೂರಿಗಾಗಿಯೇ ಎಂದು ಯಾರಾದರೂ ಕೇಳಬಹುದು. ಉತ್ತರ ಆಕ್ಸ್‌ಫರ್ಡ್‌ನಿಂದ ಕೆಲವೇ ಮೈಲಿ ದೂರದ ಫಾರ್ಮೂರ್‌ನಲ್ಲಿದೆ. 1970ರ ದಶಕದಲ್ಲಿ ಅಲ್ಲಿ ಜಲಾಶಯದ ಕೆಲಸ ನಡೆದಾಗ ಜಾರ್ಜ್ ಲ್ಯಾಂಬ್ರಿಕ್ ಮತ್ತು ಮಾರ್ಕ್ ರಾಬಿನ್ಸನ್ ಎಂಬ ಪುರಾತತ್ವಜ್ಞರು ಕಬ್ಬಿಣಯುಗದ ಪುಟ್ಟ ಬಿಡಾರಗಳನ್ನು ಕಂಡರು. ಒಂದು ದುಂಡು ಗುಡಿಸಲು, ಪಕ್ಕದಲ್ಲಿ ದೊಡ್ಡಿ, ಸುತ್ತ ಚರಂಡಿ. ನೆರೆ ಬರುವ ತಗ್ಗಿನಲ್ಲೇ ಮನೆ ಕಟ್ಟಿಕೊಂಡವರು ಅವರೆಂಥ ಜನ?

ಚರಂಡಿಯ ಕೆಸರು ಉತ್ತರ ಕೊಟ್ಟಿತು. ಅದರಲ್ಲಿ ಸಗಣಿಹುಳುಗಳ ಅವಶೇಷವಿತ್ತು, ಹುಲ್ಲುಗಾವಲಿನ ಗಿಡಗಳ ಬೀಜವಿತ್ತು, ನೆರೆನೀರು ತಂದು ಬಿಟ್ಟ ಬಸವನಹುಳುಗಳ ಚಿಪ್ಪೂ ಇತ್ತು. ಅಂದರೆ ಇವು ದನಗಾಹಿಗಳ ಬೇಸಿಗೆ ಬಿಡಾರಗಳು. ನೀರು ಇಳಿದ ಮೇಲೆ ದನ ಹೊಡೆದುಕೊಂಡು ಬಂದು, ಮೇಯಿಸಿ, ನೆರೆ ಬರುವ ಮೊದಲು ಎತ್ತರಕ್ಕೆ ಹೊರಟುಬಿಡುತ್ತಿದ್ದರು. ಒಂದೊಂದು ಬಿಡಾರವೂ ಕೆಲವೇ ವರ್ಷ ಬಳಕೆಯಲ್ಲಿತ್ತು. ಅವರು ನೆರೆಯನ್ನು ತಡೆಯಲು ಹೋಗಿರಲಿಲ್ಲ. ಅದರ ಪಂಚಾಂಗ ನೋಡಿಕೊಂಡು ಬದುಕಿದ್ದರು.

ಅದಕ್ಕಿಂತ ದೊಡ್ಡ ಸಂಗತಿ ಮೆಕ್ಕಲಿನ ಲೆಕ್ಕದಲ್ಲಿ ಹೊರಬಿತ್ತು. ಈ ಮೇಲ್ಥೇಮ್ಸ್ ಬಯಲಿನಲ್ಲಿ ಮೆಕ್ಕಲು ಎಲ್ಲ ಕಾಲದಲ್ಲೂ ಒಂದೇ ಸಮ ಬಿದ್ದಿಲ್ಲ. ಬಹುಕಾಲ ಅತ್ಯಲ್ಪ. ಕಬ್ಬಿಣಯುಗದಲ್ಲಿ ಮೊದಲು ಅಂತರ್ಜಲ ಏರಿತು, ನೆರೆ ಹೆಚ್ಚಿತು. ಕಬ್ಬಿಣಯುಗದ ಕೊನೆ ಮತ್ತು ರೋಮನ್ ಕಾಲದಲ್ಲಿ ಮೆಕ್ಕಲೂ ಜೋರಾಗಿ ಬೀಳತೊಡಗಿತು. ನಡುವೆ ಇಳಿದು, ಮಧ್ಯಯುಗದಲ್ಲಿ ಮತ್ತೆ ಹೆಚ್ಚಿತು. ಪುರಾತತ್ವಜ್ಞರು ಇದನ್ನು ಮೇಲ್ಗಡೆಯ ಗುಡ್ಡಗಳಲ್ಲಿ ಕಾಡು ಕಡಿದು ಉಳುಮೆ ವಿಸ್ತರಿಸಿದ್ದಕ್ಕೆ, ಅದರಲ್ಲೂ ಚಳಿಗಾಲದ ಮಳೆಗೆ ಉತ್ತ ನೆಲ ಬೆತ್ತಲಾಗಿ ನಿಂತದ್ದಕ್ಕೆ ತಳಕು ಹಾಕುತ್ತಾರೆ. ಮಳೆ ಎಷ್ಟು ಬಿತ್ತು ಎಂಬುದರಷ್ಟೇ, ಮಳೆ ಬಿದ್ದ ನೆಲದ ಮೇಲೆ ಏನಿತ್ತು ಎಂಬುದೂ ನೆರೆಯನ್ನು ತೀರ್ಮಾನಿಸಿತ್ತು.

ನದಿಯ ಮಟ್ಟವನ್ನು ಯಂತ್ರದಿಂದ ಅಳೆದ ದಾಖಲೆ ನಮ್ಮಲ್ಲಿ ಇರುವುದು ಒಂದೆರಡು ಶತಮಾನಕ್ಕೆ ಮಾತ್ರ. ಅದರಾಚೆ ನದಿ ಹೇಗಿತ್ತು ಎಂದು ಹೇಳಬಲ್ಲದ್ದು ಈ ಕೆಸರು. ಕಾಲುವೆ ತೋಡುವವರು ಎತ್ತಿ ಲಾರಿಗೆ ತುಂಬುವುದೂ ಇದನ್ನೇ. ಪುರಾತತ್ವ ಪರೀಕ್ಷೆ ಉಳಿಸಲು ಹೊರಟದ್ದು ಮಣ್ಣಿನೊಳಗಿನ ವಸ್ತುವನ್ನಷ್ಟೇ ಅಲ್ಲ, ಮಣ್ಣಿನಲ್ಲಿರುವ ಬರಹವನ್ನು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಮುಟ್ಟದೆಯೂ ಕೆಡುತ್ತದೆ

ಕಾಮಗಾರಿ ಅಗೆದ ಜಾಗದಲ್ಲಿ ಮಾತ್ರ ಹಾನಿ ಎಂದುಕೊಂಡರೆ ಅರ್ಧ ಮಾತ್ರ ಅರ್ಥವಾದಂತೆ. ಮಣ್ಣಿನ ಏರಿ ಕಟ್ಟಿದರೆ ಅದರ ಭಾರಕ್ಕೆ ಕೆಳಗಿನ ಮೆತ್ತನೆಯ ಪದರಗಳು ಅಪ್ಪಚ್ಚಿಯಾಗುತ್ತವೆ. ತಗಡಿನ ತಡೆಗೋಡೆಯನ್ನು ನೆಲಕ್ಕೆ ಬಡಿದರೆ ಅಂತರ್ಜಲದ ಹರಿವು ಬದಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಅಪಾಯ ನೆಲ ಒಣಗುವುದು. ಕಾಲುವೆ ತೋಡಿದಾಗ ಅಕ್ಕಪಕ್ಕದ ನೀರಿನ ಮಟ್ಟ ಇಳಿಯಿತೆಂದರೆ, ನೂರು ಮೀಟರ್ ಆಚೆ ಮೂರು ಸಾವಿರ ವರ್ಷ ನೀರಿನಲ್ಲಿ ಮುಳುಗಿ ಉಳಿದಿದ್ದ ಮರಕ್ಕೆ ಗಾಳಿ ತಾಗುತ್ತದೆ. ಮುಂದಿನದು ಕೊಳೆಯುವಿಕೆ. ಯಾವ ಗುದ್ದಲಿಯೂ ಅದನ್ನು ಮುಟ್ಟಿರುವುದಿಲ್ಲ, ಆದ್ದರಿಂದ ಯಾರಿಗೂ ಗೊತ್ತೂ ಆಗುವುದಿಲ್ಲ.

ಪೂರ್ವ ಇಂಗ್ಲೆಂಡಿನ ಪೀಟರ್‌ಬರೋ ಬಳಿಯ ಫ್ಲ್ಯಾಗ್ ಫೆನ್ ಇದಕ್ಕೆ ಹೆಸರಾದ ಉದಾಹರಣೆ. 1982ರಲ್ಲಿ ಅಲ್ಲಿನ ನೀರುಗಾಲುವೆಗಳ ಹೂಳೆತ್ತುವಾಗ ಪುರಾತತ್ವಜ್ಞ ಫ್ರಾನ್ಸಿಸ್ ಪ್ರಯರ್ ದಂಡೆಗಳನ್ನು ಪರಿಶೀಲಿಸುತ್ತಾ ನಡೆಯುತ್ತಿದ್ದರು. ಕಾಲಿಗೆ ಒಂದು ಮರದ ತುಂಡು ಎಡವಿತು. ಎತ್ತಿ ನೋಡಿದರೆ ತುದಿ ಕೊಡಲಿಯಿಂದ ಕೆತ್ತಿದ್ದು. ಆ ಜೌಗಿನಲ್ಲಿ ಬೆಳೆಯುವ ಮರವೂ ಅಲ್ಲ. ಅಗೆಯುತ್ತ ಹೋದಂತೆ ಕಂಚುಯುಗದ ಜನ ಜೌಗಿಗೆ ಅಡ್ಡಲಾಗಿ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ ಸಾವಿರಾರು ಕಂಬ ನೆಟ್ಟು ಮಾಡಿದ ದಾರಿ ಹೊರಬಂತು. ಶತಮಾನಗಳಿಂದ ನೀರು ಬಸಿಯುತ್ತ ಬಂದ ಸೀಮೆಯಾದ್ದರಿಂದ ಆ ಕಂಬಗಳು ಆಗಲೇ ಒಣಗತೊಡಗಿದ್ದವು. ಒಂದು ಭಾಗವನ್ನು ಒದ್ದೆಯಾಗಿಡಲು ಮೇಲೆ ಕೃತಕ ಕೆರೆಯನ್ನೇ ಕಟ್ಟಬೇಕಾಯಿತು. ಇಂದು ಒಳ್ಳೆಯ ಮೌಲ್ಯಮಾಪನ ವರದಿಯಲ್ಲಿ ಅಂತರ್ಜಲದ ಅಧ್ಯಾಯ ಪ್ರತ್ಯೇಕವಾಗಿ ಇರುತ್ತದೆ.

ಸಿಕ್ಕರೆ ಕಾಮಗಾರಿ ನಿಲ್ಲುತ್ತದೆಯೇ?

ಬಹುತೇಕ ಇಲ್ಲ. ಮೊದಲ ಆಯ್ಕೆ, ಕುರುಹನ್ನು ನೆಲದಲ್ಲೇ ಬಿಡುವುದು. ಕಾಲುವೆಯ ಗೆರೆ ಸರಿಸುತ್ತಾರೆ, ಆಳ ತಗ್ಗಿಸುತ್ತಾರೆ, ಯಂತ್ರ ಓಡುವ ದಾರಿಯನ್ನು ಬೇರೆಡೆಗೆ ತಿರುಗಿಸುತ್ತಾರೆ. ಅದು ಆಗದಿದ್ದರೆ ಪೂರ್ಣ ಉತ್ಖನನ ಮಾಡಿ ದಾಖಲಿಸುವುದು. ಜಾಗ ಹೋಗುತ್ತದೆ, ಮಾಹಿತಿ ಉಳಿಯುತ್ತದೆ. ಸಂಭವ ಕಡಿಮೆ ಎನಿಸಿದ ಕಡೆ ಕಾಮಗಾರಿ ನಡೆಯುವಾಗ ಪುರಾತತ್ವಜ್ಞರೊಬ್ಬರು ಸುಮ್ಮನೆ ನಿಂತು ಗಮನಿಸುತ್ತಾರೆ.

ಥೇಮ್ಸ್‌ನ ಕೆಳಭಾಗದಲ್ಲಿ ಮೇಡನ್‌ಹೆಡ್, ವಿಂಡ್ಸರ್ ಊರುಗಳನ್ನು ಕಾಯಲು 11.6 ಕಿಲೋಮೀಟರ್ ಉದ್ದದ ಜ್ಯೂಬಿಲಿ ರಿವರ್ ಎಂಬ ಕೃತಕ ನದಿ ತೋಡಿದಾಗ ಎರಡನೆಯ ದಾರಿ ಹಿಡಿಯಲಾಯಿತು. 2002ರಲ್ಲಿ ಅದು ಪೂರ್ಣಗೊಂಡಿತು. ಡಾರ್ನಿ ಗ್ರಾಮದ ಬಳಿ 8ನೆಯ ಶತಮಾನದ ನೂರಕ್ಕೂ ಹೆಚ್ಚು ಗುಂಡಿಗಳು ಅಲ್ಲಿ ಸಿಕ್ಕವು. ಅವುಗಳಲ್ಲಿ ಸಮುದ್ರದಾಚೆಯ ಯೂರೋಪಿನಿಂದ ಬಂದ ಬೆಲೆಬಾಳುವ ಮಡಕೆಗಳ ಚೂರುಗಳೂ ಇದ್ದವು. ವಿಚಿತ್ರವೆಂದರೆ ಅಷ್ಟು ಗುಂಡಿಗಳ ನಡುವೆ ಮನೆಗಳ ಗುರುತು ಕಾಣಲಿಲ್ಲ. ನೆಲೆಯೂರಿದ ಊರಲ್ಲ, ಆಗಾಗ ಜನ ಕೂಡುತ್ತಿದ್ದ ಸಂತೆಯೋ ಸಭೆಯೋ ಇರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಅದರ ಪಕ್ಕದಲ್ಲೇ, ಮುಂದೆ 2012ರ ಒಲಿಂಪಿಕ್ಸ್ ದೋಣಿ ಸ್ಪರ್ಧೆ ನಡೆದ ಕೊಳವನ್ನು ತೋಡುವಾಗ, ಥೇಮ್ಸ್ ಕೈಬಿಟ್ಟ ಹಳೆಯ ಪಾತ್ರದಲ್ಲಿ ಕಂಚುಯುಗ ಮತ್ತು ಕಬ್ಬಿಣಯುಗದ ಮರದ ಸೇತುವೆಗಳ ಕಂಬಗಳು ಹೊರಬಂದವು.

ಖರ್ಚು ಯಾರದು? ಇಂಗ್ಲೆಂಡಿನಲ್ಲಿ ನೆಲ ಕೆಡಿಸುವವರದು. ಈ ನಿಯಮಕ್ಕೆ ಒಂದು ಹಿನ್ನೆಲೆಯಿದೆ. 1989ರಲ್ಲಿ ಲಂಡನ್ನಿನಲ್ಲಿ ಕಚೇರಿ ಕಟ್ಟಡಕ್ಕೆ ಪಾಯ ತೆಗೆಯುವಾಗ ಶೇಕ್ಸ್‌ಪಿಯರ್ ಕಾಲದ ರೋಸ್ ನಾಟಕಶಾಲೆಯ ಅಡಿಪಾಯ ಸಿಕ್ಕಿತು. ಅನುಮತಿ ಆಗಲೇ ಕೊಟ್ಟಾಗಿತ್ತು. ನಟರು ಬೀದಿಗಿಳಿದರು, ಸರ್ಕಾರ ಮುಜುಗರಕ್ಕೊಳಗಾಯಿತು. ಮರುವರ್ಷ, 1990ರ ನವೆಂಬರ್‌ನಲ್ಲಿ, ಅನುಮತಿಗೆ ಮೊದಲೇ ಪುರಾತತ್ವ ಪರೀಕ್ಷೆ ಆಗಬೇಕು ಎಂಬ ಮಾರ್ಗಸೂಚಿ ಹೊರಬಂತು. ಈಗ ಅದೇ ತತ್ವ ಅಲ್ಲಿನ ರಾಷ್ಟ್ರೀಯ ಯೋಜನಾ ನೀತಿಯ ಭಾಗ. ಸರ್ಕಾರಿ ಸಂಸ್ಥೆಯಾದ ಪರಿಸರ ಏಜೆನ್ಸಿಗೂ ಇದರಿಂದ ವಿನಾಯಿತಿ ಇಲ್ಲ.

ಭೀಮೆಯ ದಡದಲ್ಲಿ

ನಮ್ಮಲ್ಲಿ ನದಿ ಕಣಿವೆಯ ಪುರಾತತ್ವ ಬೆಳೆದದ್ದು ನೆರೆಗಾಲುವೆಗಳಿಂದಲ್ಲ, ಅಣೆಕಟ್ಟುಗಳಿಂದ. ನಾಗಾರ್ಜುನಸಾಗರ ತುಂಬುವ ಮುನ್ನ, 1954ರಿಂದ 1960ರವರೆಗೆ ಕೃಷ್ಣಾ ಕಣಿವೆಯ ನಾಗಾರ್ಜುನಕೊಂಡದಲ್ಲಿ ಭಾರಿ ಪ್ರಮಾಣದ ಉತ್ಖನನ ನಡೆದು, ಆಯ್ದ ಕಟ್ಟಡಗಳನ್ನು ಬೆಟ್ಟದ ಮೇಲೆ ಮರುಜೋಡಿಸಿದರು; ಆ ಬೆಟ್ಟ ಈಗ ದ್ವೀಪ. ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಮಂಟಪವನ್ನು ಸರಿಸಲಿಲ್ಲ. ಸುತ್ತ ಬಾವಿಯಂತೆ ಗೋಡೆ ಕಟ್ಟಿ ಇದ್ದಲ್ಲೇ ಕಾಪಾಡಿದರು. ಭಕ್ತರು ಈಗ ಮೆಟ್ಟಿಲಿಳಿದು ನದಿಯ ಮಟ್ಟಕ್ಕಿಂತ ಕೆಳಗೆ ಹೋಗಿ ದರ್ಶನ ಮಾಡುತ್ತಾರೆ.

ಕಲಬುರಗಿ ಜಿಲ್ಲೆಯ ಸನ್ನತಿಯ ಕತೆ ಮೌಲ್ಯಮಾಪನದ ಅಗತ್ಯವನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. 1980ರ ದಶಕದಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಪೀಠವಾಗಿ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಕಂಡವು. ಭೀಮೆಗೆ ಬ್ಯಾರೇಜು ಕಟ್ಟುವ ಯೋಜನೆಯ ಹಿನ್ನೆಲೆಯಲ್ಲಿ ಸುತ್ತಲಿನ ದಡದ ಕಡೆ ಗಮನ ಹರಿಯಿತು. ಹತ್ತಿರದ ಕನಗನಹಳ್ಳಿಯ ಹೊಲಗಳಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದಾಗ ಕೆತ್ತನೆಯ ಸುಣ್ಣಕಲ್ಲಿನ ಚಪ್ಪಡಿಗಳು ಹೊದ್ದಿದ್ದ ಮಹಾಸ್ತೂಪ ಹೊರಬಂತು. ಒಂದು ಚಪ್ಪಡಿಯಲ್ಲಿ ಪರಿವಾರದೊಡನೆ ನಿಂತ ರಾಜ. ಪಕ್ಕದಲ್ಲಿ ಬ್ರಾಹ್ಮಿ ಲಿಪಿಯಲ್ಲಿ 'ರಾಯ ಅಸೋಕೋ' ಎಂದಿದೆ.

ನಮ್ಮ ಕಾನೂನು ಗಟ್ಟಿಯಾಗಿರುವುದು ಈಗಾಗಲೇ ಗುರುತಿಸಿದ ಸ್ಮಾರಕಗಳ ವಿಷಯದಲ್ಲಿ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಪಟ್ಟದಕಲ್ಲಿನ ಗುಡಿಗೆ ಈ ಅಳತೆ ಹಾಕಬಹುದು. ಇನ್ನೂ ಯಾರೂ ಕಾಣದ, ಮೆಕ್ಕಲಿನಡಿ ಮಲಗಿರುವ ಮಲಪ್ರಭೆಯ ಹಳೆಯ ದಡಕ್ಕೆ ಎಲ್ಲಿಂದ ಟೇಪು ಹಿಡಿಯುವುದು? ಆ ನೂರು ಮೀಟರ್ ಎಲ್ಲಿಂದ ಶುರುವಾಗಬೇಕೆಂದು ಹೇಳಬಲ್ಲ ಸಲಕರಣೆಗಳೆಂದರೆ ಕಡತ, ಬೈರಿಗೆ ಮತ್ತು ಹಲ್ಲಿಲ್ಲದ ಆ ಬಕೆಟ್ಟು.